ಆಮಿಷದ ಅರ್ಥವ್ಯಾಪ್ತಿ: ಚುನಾವಣೆಯ ಊಟ, ಮಾತು ಮತ್ತು ನಮ್ಮ ನಿಘಂಟುಗಳು

ನಮ್ಮ ವೃತ್ತಿಯಲ್ಲಿರುವವರಿಗೆ ಚುನಾವಣೆಯೆಂದರೆ ಮೊದಲು ನೆನಪಾಗುವುದು ಸಿದ್ಧಾಂತವೂ ಅಲ್ಲ, ಪಕ್ಷವೂ ಅಲ್ಲ. ತಾಲ್ಲೂಕು ಕಚೇರಿಯಿಂದ ಬರುವ ಕರ್ತವ್ಯದ ಆದೇಶಪತ್ರ. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಮತದಾನ ನಡೆದ 1999ರಲ್ಲಿ ನಾನು ಹಳೆ ಮೈಸೂರು ಭಾಗದ ಒಂದು ಹಳ್ಳಿಯಲ್ಲಿ ಮತಗಟ್ಟೆ ಅಧಿಕಾರಿಯಾಗಿದ್ದೆ. ಮತಪೆಟ್ಟಿಗೆ, ಮತಪತ್ರಗಳ ಕಟ್ಟು, ಅರಗು, ದಾರ, ಮೈಸೂರಿನ ಕಾರ್ಖಾನೆಯಿಂದ ಬಂದ ಶಾಯಿಯ ಸೀಸೆ ಇವೆಲ್ಲವನ್ನೂ ಎಣಿಸಿಕೊಂಡು ಊರಿನ ಪ್ರಾಥಮಿಕ ಶಾಲೆಯನ್ನು ಸೇರುವಷ್ಟರಲ್ಲಿ ಕತ್ತಲಾಗಿತ್ತು. ಶಾಲೆಯ ಪಕ್ಕದ ಮನೆಯ ವೃದ್ಧೆಯೊಬ್ಬರು ಮುದ್ದೆ ಮತ್ತು ಹುರುಳಿಕಾಳಿನ ಸಾರನ್ನು ಹೊತ್ತು ತಂದರು. ತರಬೇತಿಯಲ್ಲಿ ಯಾರ ಆತಿಥ್ಯವನ್ನೂ ಸ್ವೀಕರಿಸಬಾರದೆಂದು ಮೂರು ಮೂರು ಸಲ ಹೇಳಿಸಿಕೊಂಡಿದ್ದ ನಾನು ಬೇಡವೆಂದೆ. ಆಕೆ ಪಾತ್ರೆಯನ್ನು ಕೆಳಗಿಡದೆಯೇ ಹೇಳಿದ ಮಾತು ಇದು: “ಉಣ್ಣಿ ಮೇಷ್ಟ್ರೇ, ಇದು ಪಾರ್ಟಿ ಊಟ ಅಲ್ಲ, ಮನೆ ಊಟ.”

ನಾನು ಉಣ್ಣಲಿಲ್ಲ. ಚೀಲದಲ್ಲಿದ್ದ ಬಾಳೆಹಣ್ಣು, ಬ್ರೆಡ್ಡಿನಲ್ಲಿ ಆ ರಾತ್ರಿ ಕಳೆಯಿತು. ನನ್ನ ನಿಯಮಪಾಲನೆಯ ಸರಿತಪ್ಪುಗಳು ಇಲ್ಲಿ ಮುಖ್ಯವಲ್ಲ. ಇಷ್ಟು ವರ್ಷಗಳ ನಂತರವೂ ನನ್ನನ್ನು ಕಾಡುತ್ತಿರುವುದು ಆಕೆ ಯಾವ ಪ್ರಯಾಸವೂ ಇಲ್ಲದೆ ಮಾಡಿದ ಆ ವರ್ಗೀಕರಣ. ‘ಪಾರ್ಟಿ ಊಟ’ ಮತ್ತು ‘ಮನೆ ಊಟ’ ಎಂಬ ಎರಡು ಪದಗಳಲ್ಲಿ ಆಕೆ ಋಣ ಹೊರಿಸುವ ಅನ್ನವನ್ನೂ ಹೊರಿಸದ ಅನ್ನವನ್ನೂ ಬೇರೆ ಮಾಡಿದ್ದರು. ಭಾಷಾವಿಜ್ಞಾನವನ್ನು ಪಾಠ ಮಾಡುವ ನನ್ನ ಬಳಿ ಆ ಭೇದಕ್ಕೆ ಪದವಿರಲಿಲ್ಲ. ನನ್ನಲ್ಲಿದ್ದುದು ಒಂದೇ ಪದ: ಆಮಿಷ.

ಈ ಪದವನ್ನೇ ಸ್ವಲ್ಪ ನಿಂತು ನೋಡಬೇಕು. ಸಂಸ್ಕೃತದಲ್ಲಿ ಆಮಿಷವೆಂದರೆ ಮಾಂಸ. ಬೇಟೆಯ ಪ್ರಾಣಿಗೋ ಮೀನಿಗೋ ಒಡ್ಡುವ ಮಾಂಸದ ತುಣುಕು ಎಂಬ ಅರ್ಥ ಅದರಿಂದ ಬೆಳೆದು, ಮುಂದೆ ಯಾವುದೇ ಬಗೆಯ ಪ್ರಲೋಭನೆಗೆ ಅದು ಹೆಸರಾಯಿತು. ‘ನಿರಾಮಿಷ’ ಎಂಬಲ್ಲಿ ಹಳೆಯ ಅರ್ಥ ಇನ್ನೂ ಉಳಿದಿದೆ. ಇಂದು ಪತ್ರಿಕೆಗಳು ‘ಮತದಾರರಿಗೆ ಬಾಡೂಟದ ಆಮಿಷ’ ಎಂದು ಬರೆಯುವಾಗ, ವ್ಯುತ್ಪತ್ತಿಯ ದೃಷ್ಟಿಯಿಂದ ಅದು ‘ಮಾಂಸದೂಟದ ಮಾಂಸ’ ಎಂಬ ದ್ವಿರುಕ್ತಿಯಾಗುತ್ತದೆ. ಇದು ಕೇವಲ ವಿನೋದದ ಸಂಗತಿಯಲ್ಲ. ಈ ಪದದೊಂದಿಗೆ ನಾವು ಬಳಸುವ ಕ್ರಿಯಾಪದಗಳನ್ನು ಗಮನಿಸಿ. ಅಭ್ಯರ್ಥಿ ಆಮಿಷವನ್ನು ‘ಒಡ್ಡುತ್ತಾನೆ’. ಮತದಾರ ಆಮಿಷಕ್ಕೆ ‘ಬಲಿಯಾಗುತ್ತಾನೆ’. ಗಾಳ ಹಿಡಿದು ದಡದಲ್ಲಿ ಕುಳಿತವನು ಮೊದಲ ವಾಕ್ಯದಲ್ಲಿ ಕಾಣಿಸಿಕೊಂಡು ಮರೆಯಾಗುತ್ತಾನೆ. ಲೇಖನದ ಉಳಿದ ಭಾಗವೆಲ್ಲ ಮೀನಿನ ಹೊಟ್ಟೆಬಾಕತನದ ಕುರಿತೇ ಇರುತ್ತದೆ. ಚುನಾವಣೆ ಮುಗಿದ ಮೇಲೆ ನಮ್ಮ ಅಧ್ಯಾಪಕರ ಕೊಠಡಿಗಳಲ್ಲಿ ಕೇಳಿಬರುವ ‘ಬಾಡೂಟಕ್ಕೆ ಓಟು ಮಾರಿಕೊಂಡರು’ ಎಂಬ ಮಾತಿನಲ್ಲಿ ಮಾರಿದವರಿದ್ದಾರೆ, ಕೊಂಡವರು ಮಾಯವಾಗಿದ್ದಾರೆ. ಮತದಾನ ಎಂಬ ಪದದಲ್ಲಿ ‘ದಾನ’ವಿರುವುದರಿಂದ ಮಾರಾಟದ ಆರೋಪ ಇನ್ನಷ್ಟು ಕಟುವಾಗಿ ಕೇಳಿಸುತ್ತದೆ. ದಾನಕ್ಕೆ ಪ್ರತಿಫಲ ಬಯಸಿದವನು ಮಾರಿದವನಿಗಿಂತ ಕೀಳು ಎಂಬ ಧರ್ಮಶಾಸ್ತ್ರದ ನೆರಳು ಆ ಪದದ ಮೇಲಿದೆ. (ಮತದಾರ ಎಂಬಲ್ಲಿರುವ ‘ದಾರ’ ಮಾತ್ರ ದಾನಕ್ಕೆ ಸಂಬಂಧಿಸಿದ್ದಲ್ಲ, ಪಾಲುದಾರ, ಜಮೀನುದಾರ ಎಂಬಲ್ಲಿಯಂತೆ ಅದು ಪಾರಸಿ ಪ್ರತ್ಯಯ. ಆತ ಕೊಡುವವನಲ್ಲ, ಹೊಂದಿರುವವನು. ಈ ಭೇದವನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ಬೆರಗಾಗುವುದನ್ನು ಕಂಡಿದ್ದೇನೆ.)

ದೋಷ ಹೀಗೆ ಮೇಲಿನವರಿಂದ ಕೆಳಗಿನವರಿಗೆ ಜಾರುವುದು ಆಮಿಷ ಎಂಬ ಒಂದು ಪದದಲ್ಲಿ ಮಾತ್ರ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ‘ಓಟ್ ಬ್ಯಾಂಕ್’ ಎಂಬ ಪದವನ್ನು ತೆಗೆದುಕೊಳ್ಳಿ. ಇಂದು ಜಗತ್ತಿನ ರಾಜ್ಯಶಾಸ್ತ್ರವೆಲ್ಲ ಬಳಸುವ ಈ ಪದವನ್ನು ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಹಳ್ಳಿಯೊಂದರ ಸಾಮಾಜಿಕ ವ್ಯವಸ್ಥೆಯನ್ನು ಕುರಿತು 1955ರಲ್ಲಿ ಪ್ರಕಟಿಸಿದ ಬರಹದಲ್ಲಿ ಬಳಸಿದರು. ‘ರಾಂಪುರ’ ಎಂದು ಅವರು ಹೆಸರು ಬದಲಿಸಿ ಕರೆದ ಆ ಹಳ್ಳಿಯಲ್ಲಿ ಬ್ಯಾಂಕು ಎನಿಸಿಕೊಂಡವನು ಬಡ ಮತದಾರನಲ್ಲ. ತನ್ನ ಆಳುಕಾಳು, ಒಕ್ಕಲು, ಸಾಲಗಾರರ ಮತಗಳನ್ನು ಅಭ್ಯರ್ಥಿಗೆ ದೊರಕಿಸಿಕೊಡಬಲ್ಲ ಊರ ಯಜಮಾನ. ಅರ್ಥ ಇಂದು ಎಲ್ಲಿಗೆ ಬಂದು ನಿಂತಿದೆ? ಓಟ್ ಬ್ಯಾಂಕ್ ಎಂದರೆ ಒಂದು ಜಾತಿ, ಒಂದು ಧರ್ಮ, ಒಂದು ಕೇರಿ. ಯಜಮಾನ ಪದದೊಳಗಿಂದ ಎದ್ದು ಹೋಗಿದ್ದಾನೆ. ಅವನ ಜಾಗದಲ್ಲಿ ಅವನ ಅಂಕೆಯಲ್ಲಿದ್ದವರನ್ನು ಕೂರಿಸಿದ್ದೇವೆ. ಅರ್ಥಪಲ್ಲಟಕ್ಕೆ ನಾವು ತರಗತಿಯಲ್ಲಿ ಕೊಡುವ ಉದಾಹರಣೆಗಳು ಹೆಚ್ಚಾಗಿ ಹಳಗನ್ನಡದಿಂದ ಆಯ್ದವು. ನಮ್ಮ ನೆಲದಲ್ಲೇ ರೂಪುಗೊಂಡು, ಎಪ್ಪತ್ತು ವರ್ಷಗಳಲ್ಲಿ ತಲೆಕೆಳಗಾದ ಈ ಪದ ನಮಗೇಕೆ ಉದಾಹರಣೆಯಾಗಿಲ್ಲ?

ಕಾನೂನು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾಗಿದೆ ಎಂದರೆ ಆಶ್ಚರ್ಯವಾಗಬಹುದು. ಭಾರತೀಯ ದಂಡ ಸಂಹಿತೆಗೆ 1920ರಲ್ಲಿ ಸೇರಿಸಲಾದ ಚುನಾವಣಾ ಅಪರಾಧಗಳ ಅಧ್ಯಾಯವು ಲಂಚ ಕೊಟ್ಟವರನ್ನೂ ಪಡೆದವರನ್ನೂ ಅಪರಾಧಿಗಳೆಂದು ಕರೆಯಿತು. ಆದರೆ ಲಂಚವು ಅನ್ನ, ಪಾನೀಯ, ಮನರಂಜನೆಯ ರೂಪದಲ್ಲಿದ್ದರೆ ಅದನ್ನು ‘ಟ್ರೀಟಿಂಗ್’ ಎಂದು ಬೇರೆಯಾಗಿ ಹೆಸರಿಸಿ, ಸೆರೆವಾಸವಿಲ್ಲದೆ ದಂಡ ಮಾತ್ರ ಸಾಕೆಂದಿತು. ಇಂಗ್ಲೆಂಡಿನ 1854ರ ಕಾಯ್ದೆಯೂ ಲಂಚವನ್ನೂ ಔತಣವನ್ನೂ ಬೇರೆ ಬೇರೆಯಾಗಿಯೇ ಹೆಸರಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 173ನೆಯ ಕಲಮು ಈ ಭೇದವನ್ನು ಹಾಗೆಯೇ ಉಳಿಸಿಕೊಂಡಿದೆ. ನೋಟು ಕೊಟ್ಟವನಿಗೂ ಊಟ ಹಾಕಿದವನಿಗೂ ವ್ಯತ್ಯಾಸವಿದೆ ಎಂದು ದಂಡಶಾಸ್ತ್ರ ಒಪ್ಪುತ್ತದೆ. ನಮ್ಮ ವಿದ್ಯಾವಂತರ ಕನ್ನಡ ಒಪ್ಪುವುದಿಲ್ಲ. ಸಾರ್ವಜನಿಕ ನೀತಿಯ ಘೋಷಣೆಯನ್ನೂ ಸಾರ್ವಜನಿಕ ಕ್ರಮದ ಭರವಸೆಯನ್ನೂ ಲಂಚವೆಂದು ಎಣಿಸಬಾರದು ಎಂಬ ವಿನಾಯಿತಿಯೂ ಅದೇ ಅಧ್ಯಾಯದಲ್ಲಿದೆ. 2013ರಲ್ಲಿ ಅನ್ನಭಾಗ್ಯ ಬಂದಾಗ ಅದರ ಬೆನ್ನಿಗೇ ಹುಟ್ಟಿದ ‘ಬಿಟ್ಟಿ ಭಾಗ್ಯ’ ಎಂಬ ಮೂದಲಿಕೆ, 2023ರ ನಂತರ ‘ಗ್ಯಾರಂಟಿ’ ಎಂಬ ಪದ ಪಡೆದುಕೊಂಡ ಕೊಂಕು ಇವೆರಡೂ ಆ ವಿನಾಯಿತಿಯನ್ನು ಮರೆತವರ ಮಾತುಗಳು. ಯೋಜನೆಗಳ ಆರ್ಥಿಕ ಸಾಧಕಬಾಧಕಗಳ ಚರ್ಚೆ ಬೇರೆ, ಅದು ಆಗಲೇಬೇಕು. ನಾನು ಹೇಳುತ್ತಿರುವುದು ಪದಗಳ ಬಗ್ಗೆ.

ಈಗ ನಗರಕ್ಕೆ ಬರೋಣ. ಕೆಲವು ಚುನಾವಣೆಗಳಿಂದ ಬೆಂಗಳೂರಿನ ಹೋಟೆಲುಗಳಲ್ಲಿ ಒಂದು ಹೊಸ ಆಚರಣೆ ಬೆಳೆದಿದೆ. ಮತ ಹಾಕಿ ಬಂದು ಶಾಯಿ ಹಚ್ಚಿದ ಬೆರಳನ್ನು ತೋರಿಸಿದವರಿಗೆ ಬೆಣ್ಣೆ ದೋಸೆಯೋ ಸಿಹಿತಿಂಡಿಯೋ ಕಾಫಿಯೋ ಉಚಿತವಾಗಿ ಅಥವಾ ಕಡಿಮೆ ಬೆಲೆಗೆ ದೊರೆಯುತ್ತದೆ. ಇದಕ್ಕೆ ಆಕ್ಷೇಪಗಳು ಬಂದಿದ್ದುಂಟು. 2024ರ ಲೋಕಸಭಾ ಚುನಾವಣೆಯ ಕಾಲಕ್ಕೆ ವಿಷಯ ಕರ್ನಾಟಕ ಹೈಕೋರ್ಟಿನವರೆಗೆ ಹೋಗಿ, ಹೋಟೆಲುಗಳಿಗೆ ಅವಕಾಶ ದೊರೆಯಿತು. ಪಕ್ಷದ ಸೋಂಕಿಲ್ಲದ, ಇಂಥವರಿಗೇ ಮತ ಹಾಕಬೇಕೆಂಬ ಶರತ್ತಿಲ್ಲದ ಈ ದೋಸೆಯನ್ನು ಆಮಿಷವೆನ್ನಲಾಗದು ಎಂಬುದು ನ್ಯಾಯವಾದ ಮಾತೇ. ಆದರೆ ನನ್ನ ಕಿವಿಗೆ ಬೀಳುವುದು ಅದಕ್ಕೆ ನಾವು ಕೊಟ್ಟ ಹೆಸರು: ‘ಮತದಾನ ಜಾಗೃತಿ’. ದೋಸೆ ತಿಂದವನು ಜಾಗೃತನಾದ. ಮುದ್ದೆ, ಕೋಳಿಸಾರು ಉಂಡವನು ಬಲಿಯಾದ. ಇಬ್ಬರ ಬೆರಳಿಗೂ ಹಚ್ಚಿದ್ದು ಒಂದೇ ಶಾಯಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಮೈಸೂರಿನ ಸಂಸ್ಥೆ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಒದಗಿಸುತ್ತ ಬಂದ ಶಾಯಿ ಅದು.

ಹೊರದೇಶದ ಒಂದು ಉದಾಹರಣೆಯನ್ನು ಇಲ್ಲಿ ಎತ್ತಿಕೊಳ್ಳುವುದು ಉಪಯುಕ್ತ. ಮತದಾನ ಕಡ್ಡಾಯವಾಗಿರುವ ಆಸ್ಟ್ರೇಲಿಯಾದಲ್ಲಿ ಮತಗಟ್ಟೆಯಾದ ಶಾಲೆಯ ಅಂಗಳದಲ್ಲೇ ಪೋಷಕರು ಒಲೆ ಹೂಡಿ, ಮಾಂಸದ ಸಾಸೇಜನ್ನು ಬ್ರೆಡ್ಡಿನಲ್ಲಿಟ್ಟು ಮಾರಿ, ಬಂದ ಹಣವನ್ನು ಶಾಲೆಗೆ ಕೊಡುತ್ತಾರೆ. ಜನ ಅದನ್ನು ‘ಡೆಮಾಕ್ರಸಿ ಸಾಸೇಜ್’ ಎನ್ನುತ್ತಾರೆ. ಅಲ್ಲಿನ ರಾಷ್ಟ್ರೀಯ ನಿಘಂಟು ಕೇಂದ್ರ ಅದನ್ನೇ 2016ರ ವರ್ಷದ ಪದವೆಂದು ಆರಿಸಿತು. ಅಮೆರಿಕದಲ್ಲಿ 1796ರಷ್ಟು ಹಿಂದೆಯೇ ಅಡುಗೆ ಪುಸ್ತಕವೊಂದು ‘ಎಲೆಕ್ಷನ್ ಕೇಕ್’ ಮಾಡುವ ವಿಧಾನವನ್ನು ಅಚ್ಚು ಹಾಕಿತ್ತು. ನಮ್ಮಲ್ಲೂ ಹಾಗೆಯೇ ಆಗಲಿ ಎಂಬ ಹಂಬಲದಿಂದ ಇದನ್ನು ಹೇಳುತ್ತಿಲ್ಲ. ಅಲ್ಲಿ ಊಟಕ್ಕೆ ಹಣ ಕೊಡುವವನು ಮತದಾರ, ಇಲ್ಲಿ ಅಭ್ಯರ್ಥಿ. ಆ ವ್ಯತ್ಯಾಸ ಸಣ್ಣದಲ್ಲ. ಆದರೆ ಚುನಾವಣೆಯ ದಿನದ ಊಟವನ್ನು ಅಪರಾಧದ ದಾಖಲೆಯಾಗಿ ಮಾತ್ರವಲ್ಲದೆ ಭಾಷೆಯ ದಾಖಲೆಯಾಗಿಯೂ ನೋಡಲು ನಿಘಂಟುಕಾರರಿಗೆ ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ನಮ್ಮ ನಿಘಂಟುಗಳ ಸಾಧನೆ ಸಣ್ಣದೇನಲ್ಲ. ಕಿಟ್ಟೆಲರ 1894ರ ಕೋಶ, ಎಂಟು ಸಂಪುಟಗಳ ಸಾಹಿತ್ಯ ಪರಿಷತ್ತಿನ ನಿಘಂಟು, ಪತ್ರಿಕೆಯ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಲೇ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಕಟ್ಟಿದ ‘ಇಗೋ ಕನ್ನಡ’ ಇವನ್ನೆಲ್ಲ ದಿನವೂ ತೆರೆಯುವವನು ನಾನು. ವೃತ್ತಿಪದಗಳ ಸಂಗ್ರಹದಲ್ಲಿ ನೆರೆಯ ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲೇ ವ್ಯವಸಾಯದ ಸಂಪುಟವನ್ನು ತಂದು ದಾರಿ ತೋರಿದರು. ಕನ್ನಡದಲ್ಲಿಯೂ ಆ ಬಗೆಯ ಕೆಲಸ ನಡೆದಿದೆ. ಆದರೆ ರಾಜಕಾರಣವೂ ಒಂದು ವೃತ್ತಿ, ಅದರ ಸುತ್ತ ಬದುಕುವ ಅಡುಗೆಯವರು, ವಾಹನ ಚಾಲಕರು, ಬಾವುಟ ಕಟ್ಟುವವರು, ಚೀಟಿ ಹಂಚುವವರು ಒಂದು ಪದಸಂಪತ್ತನ್ನು ಉಳ್ಳವರು ಎಂದು ನಮಗೆ ತೋಚಿಲ್ಲ.

ಆ ಸಂಪತ್ತು ಎಷ್ಟೆಂಬುದಕ್ಕೆ ಕೆಲವು ಮಾದರಿಗಳು. ‘ಗುಂಡು-ತುಂಡು’ ಎಂಬ ಜೋಡುನುಡಿಯಲ್ಲಿ ಹೆಂಡಕ್ಕೂ ಮಾಂಸಕ್ಕೂ ಪ್ರಾಸ ಕೂಡಿದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದ ಮೇಲೆ ‘ಪ್ಯಾಕೆಟ್ಟು’ ಹೋಗಿ ‘ಕ್ವಾರ್ಟರು’ ಬಂತು. ಒಂದು ಅಬಕಾರಿ ಆದೇಶ ಹಳ್ಳಿಯ ಪದಕೋಶವನ್ನು ತಿದ್ದಿದ ಬಗೆಯಿದು. ‘ಪಾರ್ಟಿ’ ಎಂಬ ಪದ ಇನ್ನೂ ಸೋಜಿಗದ್ದು. ಹಳ್ಳಿಗಳಲ್ಲಿ ಅದಕ್ಕೆ ರಾಜಕೀಯ ಪಕ್ಷ ಎಂಬ ಅರ್ಥದ ಜೊತೆಗೆ ಊರೊಳಗಿನ ಬಣ ಎಂಬ ಅರ್ಥವಿದೆ. ನಗರದ ಹುಡುಗರಲ್ಲಿ ಔತಣವೆಂಬ ಅರ್ಥವಿದೆ. ಆ ವೃದ್ಧೆ ‘ಪಾರ್ಟಿ ಊಟ’ ಎಂದಾಗ ಮೊದಲೆರಡು ಅರ್ಥಗಳೂ ಒಟ್ಟಿಗೆ ಕೆಲಸ ಮಾಡುತ್ತಿದ್ದವು. ಮತ ಹಾಕುವ ಕ್ರಿಯೆಗೇ ಎಷ್ಟು ಮಾತುಗಳಿವೆ ನೋಡಿ: ಮತಪತ್ರದ ಕಾಲದಲ್ಲಿ ‘ಮುದ್ರೆ ಒತ್ತು’, ಉತ್ತರ ಕರ್ನಾಟಕದಲ್ಲಿ ‘ಶಿಕ್ಕಾ ಹೊಡಿ’, 2004ರಲ್ಲಿ ದೇಶದ ಎಲ್ಲೆಡೆ ವಿದ್ಯುನ್ಮಾನ ಯಂತ್ರ ಬಂದ ಮೇಲೆ ‘ಬಟನ್ ಒತ್ತು’. ಪೆಟ್ಟಿಗೆ ಹೋದರೂ ‘ಓಟು ಹಾಕು’ ಎಂಬುದು ಮಾತ್ರ ಹೋಗಿಲ್ಲ.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ‘ಕತ್ತಲ ರಾತ್ರಿ’. ಮತದಾನದ ಹಿಂದಿನ ರಾತ್ರಿ, ಬಹಿರಂಗ ಪ್ರಚಾರ ನಿಂತ ಮೇಲೆ, ಹಣ ಮತ್ತು ವಸ್ತುಗಳನ್ನು ಮನೆಮನೆಗೆ ಮುಟ್ಟಿಸುವ ಹೊತ್ತಿಗೆ ಈ ಹೆಸರು. ಕೇಳಿದವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಕತ್ತಲಲ್ಲಿ ನಡೆಯುವ ಕೆಲಸ, ಆದ್ದರಿಂದ ಕತ್ತಲ ರಾತ್ರಿ. ಆದರೆ ಕಲಬುರ್ಗಿ, ರಾಯಚೂರು, ಕೊಪ್ಪಳದ ಕಡೆಯ ವಿದ್ಯಾರ್ಥಿಗಳು ತಕ್ಷಣ ತಿದ್ದುತ್ತಾರೆ. ಅದು ಮೊಹರಂನ ಕತಲ್ ರಾತ್ರಿ. ಅರಬ್ಬಿಯ ‘ಕತ್ಲ್’ ಎಂದರೆ ಕೊಲೆ. ಕರ್ಬಲಾದ ಬಲಿದಾನವನ್ನು ನೆನೆಯುವ, ಹಿಂದೂ-ಮುಸ್ಲಿಮರಿಬ್ಬರೂ ಅಲಾವಿಯ ಸುತ್ತ ಸೇರುವ ರಾತ್ರಿ. ಉರ್ದು-ಹಿಂದಿಯಲ್ಲಿ ಚುನಾವಣೆಯ ಹಿಂದಿನ ರಾತ್ರಿಗೆ ‘ಕತ್ಲ್ ಕಿ ರಾತ್’ ಎನ್ನುವ ರೂಢಿ ಕನ್ನಡಕ್ಕೆ ಬಂದಾಗ, ನಮ್ಮ ಭಾಷೆ ಆ ಅರಬ್ಬೀ ಪದವನ್ನು ತನ್ನ ‘ಕತ್ತಲೆ’ಯೊಳಗೆ ಅಡಗಿಸಿಕೊಂಡಿತು. ಜನಪದ ನಿಷ್ಪತ್ತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಮೊಹರಂ ಕುರಿತು ನಮ್ಮಲ್ಲಿ ಒಳ್ಳೆಯ ಜಾನಪದ ಅಧ್ಯಯನಗಳಾಗಿವೆ. ಆ ರಾತ್ರಿ ಚುನಾವಣೆಗೆ ನಡೆದುಬಂದ ದಾರಿಯನ್ನೂ ಯಾರಾದರೂ ಹಿಂಬಾಲಿಸಬೇಕು.

ಇನ್ನು ಅರಮನೆ ಮೈದಾನದಿಂದ ಅಡುಗೆಮನೆಗೆ ಬಂದ ಮಾತುಗಳು. ‘ಹೈಕಮಾಂಡ್ ಕೇಳಿ ಹೇಳ್ತೀನಿ’ ಎಂದು ಗಂಡಂದಿರು ಹೇಳುವುದನ್ನು ಕೇಳದವರಿಲ್ಲ. ಇದು ಹೆಂಡತಿಯ ಅಧಿಕಾರವನ್ನು ಒಪ್ಪಿದ ಮಾತೋ, ಒಪ್ಪಿದಂತೆ ನಟಿಸಿ ತನ್ನ ಹೊಣೆಯಿಂದ ನುಣುಚಿಕೊಳ್ಳುವ ಮಾತೋ? ನನ್ನ ಮನೆಯವರ ಅಭಿಪ್ರಾಯ ಎರಡನೆಯದು. ಪರೀಕ್ಷೆಯಲ್ಲಿ ಸೋತವನು ‘ಠೇವಣಿ ಕಳೆದುಕೊಂಡ’ ಎನಿಸಿಕೊಳ್ಳುತ್ತಾನೆ. ಮರಾಠಿಯಿಂದ ಬಂದ ಈ ಪದದ ಹಿಂದೆ ಸಿಂಧುವಾದ ಮತಗಳ ಆರನೆಯ ಒಂದು ಭಾಗವನ್ನು ಪಡೆಯದವನ ಠೇವಣಿ ಮುಟ್ಟುಗೋಲಾಗುವ ನಿಯಮವಿದೆ. 2006ರಲ್ಲಿ ಇಪ್ಪತ್ತು ತಿಂಗಳಿಗೊಬ್ಬರಂತೆ ಅಧಿಕಾರ ಹಂಚಿಕೊಳ್ಳುವ ಒಪ್ಪಂದದ ಮೇಲೆ ರಚನೆಯಾದ ಸರ್ಕಾರಕ್ಕೆ ಕ್ರಿಕೆಟ್ಟಿನಿಂದ ‘ಟ್ವೆಂಟಿ-ಟ್ವೆಂಟಿ’ ಎಂಬ ಹೆಸರು ಬಂತು; 2007ರಲ್ಲಿ ಆ ಒಪ್ಪಂದ ಮುರಿದಾಗ ‘ವಚನಭ್ರಷ್ಟ’ ಎಂಬ, ಕಾವ್ಯದಲ್ಲಷ್ಟೇ ಕಾಣುತ್ತಿದ್ದ ಸಮಾಸ ಚಹಾದಂಗಡಿಗೆ ಇಳಿಯಿತು. ಸಾಲ ಹಿಂದಿರುಗಿಸದ ಗೆಳೆಯನನ್ನೂ ಜನ ವಚನಭ್ರಷ್ಟನೆಂದು ಕರೆದರು. 2008ರ ‘ಆಪರೇಷನ್ ಕಮಲ’ದ ನಂತರ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಅಧ್ಯಾಪಕರನ್ನು ಸೆಳೆದರೂ ‘ಆಪರೇಷನ್’ ಆಯಿತು. ಪಕ್ಷಗಳ ಚಿಹ್ನೆಗಳು ನುಡಿಗಟ್ಟುಗಳೊಂದಿಗೆ ಬೆರೆತು ಪತ್ರಿಕೆಗಳ ಶೀರ್ಷಿಕೆಗಳಿಗೆ ಹಬ್ಬವಾದವು. ‘ತೆನೆ ಇಳಿಸಿ ಕಮಲ ಮುಡಿದರು’ ಎಂದಾಗ, ‘ಕೈ’ ಪಕ್ಷವೇ ‘ಕೈಕೊಟ್ಟಿತು’ ಎಂದಾಗ ಶ್ಲೇಷೆಯ ಸುಖ ಸಾಮಾನ್ಯ ಓದುಗನಿಗೆ ಪ್ರತಿದಿನ ದೊರೆಯುತ್ತಿದೆ. ನಾವು ಶ್ಲೇಷೆಯನ್ನು ಚಂಪೂಕಾವ್ಯಕ್ಕೆ ಮೀಸಲಿಟ್ಟು ಕುಳಿತಿದ್ದೇವೆ.

ಮತ್ತೆ ಊಟದ ಪ್ರಶ್ನೆಗೆ ಮರಳುತ್ತೇನೆ, ಏಕೆಂದರೆ ಮೂಲ ತೊಡಕು ಇರುವುದು ಅಲ್ಲಿ. ಉಂಡವರು ಉಣಿಸಿದವರಿಗೆ ಬದ್ಧರೇ? ಪಂಪನ ಕರ್ಣನನ್ನು ಪಾಠ ಮಾಡುವಾಗ ನಾವೆಲ್ಲರೂ ಜೋಳವಾಳಿಯನ್ನು ವಿವರಿಸುತ್ತೇವೆ. ಒಡೆಯನ ಜೋಳವನ್ನು ಉಂಡವನು ಪ್ರಾಣವನ್ನು ಕೊಟ್ಟಾದರೂ ಋಣ ತೀರಿಸಬೇಕೆಂಬ ಆ ಮೌಲ್ಯ ವೀರಗಲ್ಲುಗಳಲ್ಲಿಯೂ ಇದೆ, ‘ಉಂಡ ಮನೆಯ ಜಂತೆ ಎಣಿಸಬೇಡ’ ಎಂಬ ಗಾದೆಯಲ್ಲಿಯೂ ಇದೆ. ಅಭ್ಯರ್ಥಿ ಬಾಡೂಟಕ್ಕೆ ಹಣ ಸುರಿಯುವುದು ಈ ಮೌಲ್ಯ ಇನ್ನೂ ಜೀವಂತವಾಗಿದೆ ಎಂಬ ನಂಬಿಕೆಯ ಮೇಲೆ. ಆದರೆ ಊಟವೊಂದೇ ಸಾಕಾಗಿದ್ದರೆ, ಎಲೆಯಡಿಕೆ ಮುಟ್ಟಿಸಿ ದೇವರ ಪಟದ ಮುಂದೆ ಆಣೆ ಹಾಕಿಸಿಕೊಳ್ಳುವ ಪದ್ಧತಿ ಏಕೆ ಬೇಕಿತ್ತು? ಊಟದ ಋಣ ಸಡಿಲವಾಗಿದೆ ಎಂಬುದು ಊಟ ಹಾಕುವವನಿಗೇ ಗೊತ್ತಿದೆ. ಅದನ್ನು ಸಡಿಲಿಸಿದ್ದು ಮತಗಟ್ಟೆಯ ಮೂಲೆಯಲ್ಲಿ ನಾವು ರಟ್ಟನ್ನು ಮಡಚಿ ನಿಲ್ಲಿಸುವ ಆ ಮರೆ. ಅದರ ಹಿಂದೆ ಜೋಳವಾಳಿ ನಡೆಯುವುದಿಲ್ಲ. 1999ರ ಆ ಸಂಜೆ, ಪೆಟ್ಟಿಗೆಗಳಿಗೆ ಅರಗು ಹಾಕಿ ಮುಗಿಸಿ ಹೊರಡುವಾಗ, ಅದೇ ವೃದ್ಧೆ ಶಾಲೆಯ ಜಗುಲಿಯಲ್ಲಿ ಕುಳಿತಿದ್ದರು. ಊರಿನ ಎರಡು ಕಡೆ ಬೀಗರೂಟದ ಹೆಸರಿನಲ್ಲಿ ಒಲೆ ಉರಿದಿತ್ತೆಂದು ಏಜೆಂಟರು ಪರಸ್ಪರ ದೂರಿಕೊಂಡಿದ್ದರು. ಊಟ ಎಲ್ಲಾಯಿತೆಂದು ನಾನು ಸುಮ್ಮನೆ ಕೇಳಿದೆ. “ಎರಡು ಕಡೆನೂ ಆಯ್ತು. ಕರೆದ್ಮೇಲೆ ಹೋಗ್ದಿದ್ರೆ ಏನು ಚಂದ? ಓಟು ಮಾತ್ರ ಒಂದೇ ಅಲ್ವಾ, ಎರಡು ಕಡೆಗೆ ಎಲ್ಲಿ ಹಾಕೋದು” ಎಂದರು. ಇದರಲ್ಲಿ ಬಲಿಯಾದವರ ದನಿ ನನಗೆ ಕೇಳಿಸಲಿಲ್ಲ.

ಈ ನಿಲುವಿಗೆ ಬರಬಹುದಾದ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಭ್ರಷ್ಟತೆಗೆ ಜಾನಪದದ ಶಾಲು ಹೊದಿಸುತ್ತಿದ್ದೀರಿ ಎಂದು ಸಹೋದ್ಯೋಗಿಗಳೊಬ್ಬರು ಮುಖಕ್ಕೆ ಹೊಡೆದಂತೆ ಹೇಳಿದರು. ಚುನಾವಣೆಯ ಹೆಂಡ ಎಷ್ಟು ಮನೆಗಳ ಹೆಂಗಸರ ಮೈಮೇಲೆ ಬಾಸುಂಡೆಯಾಗಿ ಮೂಡುತ್ತದೆ ಎಂಬುದು ನನಗೆ ತಿಳಿದಿದೆ. ಊಟದ ಪಂಕ್ತಿಯೂ ಮುಗ್ಧವಾದುದಲ್ಲ. ಊರಿನವರಿಗೆ ತೋಪಿನಲ್ಲಿ ಬೇಯಿಸಿ ಬಡಿಸುವ ಕಡೆ ಕೇರಿಯವರಿಗೆ ಹಸಿ ಮಾಂಸವನ್ನೋ ಹಣವನ್ನೋ ಕಳುಹಿಸಿ ‘ನಿಮ್ಮ ಪಾಲು ನೀವೇ ಮಾಡಿಕೊಳ್ಳಿ’ ಎನ್ನುವ ಏರ್ಪಾಡನ್ನು ಏನೆಂದು ಕರೆಯೋಣ? ಒಂದೇ ಅಭ್ಯರ್ಥಿಯ ಊಟ, ಒಂದೇ ಪೆಟ್ಟಿಗೆಯ ಮತ, ಬೇರೆ ಬೇರೆ ಎಲೆ. ಆಮಿಷ ಎಂಬ ಪದ ಎಲ್ಲವನ್ನೂ ಒಟ್ಟಿಗೆ ಮುಚ್ಚುವುದರಿಂದಲೇ ಈ ಅಸ್ಪೃಶ್ಯತೆ ಕಾಣದೆ ಹೋಗುತ್ತದೆ. ಹೆಂಡ, ಹಣ, ಊಟ, ಸೀರೆ, ಕುಕ್ಕರು ಎಲ್ಲವೂ ಒಂದೇ ಪದದ ಚೀಲಕ್ಕೆ ಬಿದ್ದ ಮೇಲೆ ಅವುಗಳ ನಡುವಿನ ಭೇದವನ್ನು ಕೇಳುವವರಾರು?

ಮಾಂಸದ ಬಗೆಗಿನ ನಮ್ಮ ಸಂಕೋಚವೂ ಇದರಲ್ಲಿ ಸೇರಿದೆಯೆಂದು ನಾನು ಭಾವಿಸುತ್ತೇನೆ. ನಾವು ಅಡುಗೆಯ ಶಾಸ್ತ್ರಕ್ಕೆ ಉದಾಹರಿಸುವ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ನಿರಾಮಿಷವಾದುದು. ಕವಿ ಜೈನ, ಅದು ಸಹಜ. ಆದರೆ 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಸಂದರ್ಭದಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ನಿಷೇಧಿಸಿದ ಸೂಚನೆ ಹೊರಬಿದ್ದಾಗ ಎದ್ದ ವಿವಾದವನ್ನು ನಾವೆಲ್ಲರೂ ಕಂಡೆವು. ಬಾಡೂಟ ಬೇಕೆಂದವರ ಆಕ್ಷೇಪ ಬಡಿಸದಿರುವುದರ ಬಗ್ಗೆ ಮಾತ್ರ ಇರಲಿಲ್ಲ; ತಮ್ಮ ಊಟವನ್ನು ಹೆಂಡದ ಪಕ್ಕದಲ್ಲಿ ಕೂರಿಸಿದ ಆ ವಾಕ್ಯದ ಬಗ್ಗೆಯೂ ಇತ್ತು. ‘ಗುಂಡು-ತುಂಡು’ ಎಂಬ ಚುನಾವಣೆಯ ಪ್ರಾಸ ಸಮ್ಮೇಳನದ ಸುತ್ತೋಲೆಯಲ್ಲಿ ಪಂಡಿತರ ಗದ್ಯವಾಗಿ ಬಂದ ಹಾಗಿತ್ತು. ಹಬ್ಬದಲ್ಲಿ, ಬೀಗರೂಟದಲ್ಲಿ, ತಿಥಿಯಲ್ಲಿ ಬಾಡೂಟ ಮರ್ಯಾದೆಯ ಊಟವಾಗಿರುವ ಸೀಮೆಯಲ್ಲಿ, ಅಭ್ಯರ್ಥಿ ಅದನ್ನೇ ಆರಿಸಿಕೊಳ್ಳುವುದು ಮರ್ಯಾದೆಯ ರೂಪವನ್ನು ಎರವಲು ಪಡೆಯುವುದಕ್ಕಾಗಿ. ಊಟಕ್ಕೆ ಹೋದವರು ಆ ರೂಪವನ್ನು ಮಾತ್ರ ಒಪ್ಪಿಕೊಂಡು ಬಂದಿರಬಹುದು.

ಆದ್ದರಿಂದ ವಿಭಾಗಗಳ ಮುಂದೆ ಒಂದು ಸಣ್ಣ ಕೆಲಸವನ್ನು ಇಡಲು ಬಯಸುತ್ತೇನೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ಪ್ರತಿವರ್ಷವೂ ಅದೇ ಜಾತ್ರೆ, ಅದೇ ಸೋಬಾನೆ ಪದಗಳನ್ನು ಹಂಚುವ ಬದಲು, ಮುಂದಿನ ಯಾವುದಾದರೂ ಚುನಾವಣೆಯಲ್ಲಿ, ಗ್ರಾಮ ಪಂಚಾಯಿತಿಯದಾದರೆ ಇನ್ನೂ ಒಳ್ಳೆಯದು, ತಮ್ಮ ತಮ್ಮ ಊರಿನ ಚುನಾವಣೆಯ ಮಾತು ಮತ್ತು ಊಟವನ್ನು ಬರೆದುಕೊಂಡು ಬರಲು ಹೇಳಬಹುದು. ಯಾರಿಗೆ ಮತ ಹಾಕಿದಿರಿ ಎಂದು ಕೇಳಕೂಡದು; ಹೆಸರುಗಳನ್ನು ಬರೆದುಕೊಳ್ಳಕೂಡದು; ಎಷ್ಟು ಹಣ ಬಂತೆಂಬ ಪ್ರಶ್ನೆ ಪೋಲೀಸರದು, ನಮ್ಮದಲ್ಲ. ಅಡುಗೆಯವರಿಂದ ಆರಂಭಿಸುವುದು ಒಳಿತು. ಅವರು ಎರಡೂ ಪಕ್ಷಗಳಿಗೆ ಅಡುಗೆ ಮಾಡಿರುತ್ತಾರೆ, ಮಾತನಾಡಲು ಹೆದರುವುದಿಲ್ಲ. ಎಷ್ಟು ಒಲೆ ಹೂಡಿದಿರಿ, ಯಾವ ಪಂಕ್ತಿ ಮೊದಲು ಕುಳಿತಿತು, ಕೇರಿಗೆ ಏನು ಹೋಯಿತು, ಹೆಂಗಸರು ಎಲ್ಲಿ ಉಂಡರು, ಆ ಊಟವನ್ನು ಉಂಡವರು ಏನೆಂದು ಕರೆದರು ಎಂಬಷ್ಟನ್ನು ಕೇಳಿದರೆ ಸಾಕು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಆ ಪಂಕ್ತಿಗಳಲ್ಲಿ ಕುಳಿತು ಉಂಡವರ ಮಕ್ಕಳು. ಆಮಿಷ ಎಂಬ ಉಲ್ಲೇಖದ ಕೆಳಗೆ ಏನನ್ನು ಬರೆಯಬೇಕೆಂದು ಅವರನ್ನು ನಾವು ಇದುವರೆಗೆ ಕೇಳಿಲ್ಲ.